ಕೇಳುವ ಮೊದಲೇ ಕೊಡುತ್ತಿದ್ದ ಗುರುಬಸವ್ವ

ದಾಂಡೇಲಿಯ ನಮ್ಮ ಅಂಬೇವಾಡಿಯ ಓಣಿಯಲ್ಲಿ ಗುರುಬಸವ್ವನ ಮನೆಗೆ ಹೋಗಿ ಬಾಯಿ ಬಿಟ್ಟು ಏನನ್ನಾದರೂ ಕೇಳಿದವರು ಇಲ್ಲ. ಕೇಳುವಷ್ಟು ಪುರುಸೊತ್ತನ್ನು ಆಕೆ ಯಾರಿಗೂ ಕೊಟ್ಟವಳಲ್ಲ. ನೀವು ಹೊರಗೆ ಚಪ್ಪಲಿ ಬಿಡುವಾಗಲೇ ಒಳಗೆ ಚಹಾದ ಪಾತ್ರೆ ಒಲೆ ಏರಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಪ್ಪನೆಯದು, ನನ್ನಂಥ ಆಸೆಬುರುಕಿಗೆ ಒಂದು ಚಮಚ ಹೆಚ್ಚಿನದು. ಕತ್ತು ಒರೆಸಿಕೊಂಡರೆ ಫ್ಯಾನ್ ತಿರುಗುತ್ತದೆ, ಬೆನ್ನು ಚೂರು ಹಿಂದಕ್ಕೆ ವಾಲಿದರೆ ಲೋಡು ಬರುತ್ತದೆ. ಇದೆಲ್ಲ ಯಾಕೆ ಎಂದು ಒಮ್ಮೆ ನಾನು ಚುಡಾಯಿಸಿದ್ದಕ್ಕೆ, "ಕೇಳಿದ ಮ್ಯಾಲೆ ಕೊಡೂದು ಅಂಗಡ್ಯಾಗ, ಶೈಲಾ. ಮನ್ಯಾಗಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಶೈಲಾ ಎಂದರೆ ನಾನು. ಮುಂಡಗೋಡ ಹತ್ತಿರದ ಇಂದೂರಿನ ಮಗಳು, ದಾಂಡೇಲಿಯ ಸೊಸೆ, ಹೊಲಿಗೆ ನನ್ನ ಕಸುಬು. ಗುರುಬಸವ್ವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈಚೆ ಬದಿಗೆ ನನ್ನ ಮಷಿನ್, ಆಚೆ ಬದಿಗೆ ಅವರ ಪಡಸಾಲೆ. ಆ ಗೋಡೆಗೆ ನಾನು ಕಿವಿ ಹಚ್ಚಿಕೊಂಡೇ ಕೂತಿರುತ್ತೇನೆಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಾರೆ. ಕಿವಿ ಹಚ್ಚುವ ಅಗತ್ಯವೇ ಇಲ್ಲ, ಅಷ್ಟು ತೆಳ್ಳಗಿನ ಗೋಡೆ ಅದು. ಹೀಗಾಗಿ ಗುರುಬಸವ್ವನ ಬಗ್ಗೆ ಬರೆಯುವ ಹಕ್ಕು ನನ್ನನ್ನು ಬಿಟ್ಟರೆ ಇನ್ಯಾರಿಗೂ ಇಲ್ಲವೆಂದು ನನ್ನ ತಿಳಿವಳಿಕೆ.

ಆಕೆ ಕುಂದಗೋಳ ಕಡೆಯ ಎರೆಮಣ್ಣಿನ ಊರಿನವಳು. ಗಂಡ ಶೇಖಪ್ಪನಿಗೆ ಇಲ್ಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ, ಮದುವೆಯಾದ ಹೊಸದರಲ್ಲಿ, ಒಂದು ಟ್ರಂಕಿನೊಂದಿಗೆ ಬಂದಿಳಿದಳು. ಬಯಲಿನಲ್ಲಿ ಬೆಳೆದವಳಿಗೆ ಇಲ್ಲಿ ಎತ್ತ ನೋಡಿದರೂ ತೇಗ, ಬಿದಿರು. ಮೊದಲ ಮಳೆಗಾಲದಲ್ಲಿ ಅತ್ತು ಅತ್ತು ಕಣ್ಣು ಬಾತಿದ್ದವಂತೆ. ಆಮೇಲೆ ಅಳುವುದಕ್ಕೆ ಹೊತ್ತು ಸಿಗಲಿಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ಮಿಲ್ಲಿನ ಕೆಲಸಕ್ಕೆಂದು ಬಂದ ಹುಡುಗರೆಲ್ಲ ಖೋಲಿ ಸಿಗುವ ತನಕ ಉಂಡದ್ದು ಇವಳ ಕೈಯ ಜೋಳದ ರೊಟ್ಟಿಯನ್ನೇ. ಇನ್ನೊಂದು ರೊಟ್ಟಿ ಬೇಕೆನ್ನಲು ನಾಚುವ ವಯಸ್ಸು ಅವರದು. ಇವಳು ತಾಟಿನ ಕಡೆ ನೋಡುತ್ತಲೇ ಇರಲಿಲ್ಲ, ಮುಖ ನೋಡಿ ಬಡಿಸುತ್ತಿದ್ದಳು. ಇಂದಿಗೂ ಪೇಟೆಯಲ್ಲಿ ತಲೆ ನರೆತ ಗಂಡಸರು ಸೈಕಲ್ಲಿನಿಂದ ಇಳಿದು ಆಕೆಗೆ ನಮಸ್ಕಾರ ಹೇಳುತ್ತಾರೆ. ಶೇಖಪ್ಪ ತೀರಿಕೊಂಡ ಮೇಲೆ ಮಗ ಶರಣಬಸವ ಅದೇ ಮಿಲ್ಲಿಗೆ ಸೇರಿದ. ಹಳಿಯಾಳದಿಂದ ಸುನಂದಾ ಸೊಸೆಯಾಗಿ ಬಂದಳು. ಅವರಿಗೆ ಹುಟ್ಟಿದವಳು ದಾನೇಶ್ವರಿ, ನಮ್ಮೆಲ್ಲರ ದಾನು.

ದಾನುವಿಗೆ ಮಾತು ಬರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ತುದಿಗಾಲಿನ ಮೇಲೆ ಓಡಾಡುವಳು, ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ ಅದು ಬೀಳುವವರೆಗೂ ಕಣ್ಣು ಕೀಳದೆ ಕೂರುವಳು. ಎಲ್ಲಕ್ಕಿಂತ ಹೆಚ್ಚು ಇಷ್ಟ ಕಾಗದ ಹರಿಯುವುದು. ಹಳೆಯ ಪೇಪರನ್ನು ಉದ್ದುದ್ದ ಎಳೆಗಳಾಗಿ ಹರಿದು, ಫ್ಯಾನಿನ ಕೆಳಗೆ ಹಿಡಿದು, ಅವು ಅಲ್ಲಾಡುವುದನ್ನು ನೋಡಿ ಕಿಲಕಿಲ ನಗುವಳು. ಮಿಲ್ಲಿನವರ ಮನೆಯಲ್ಲಿ ಕಾಗದಕ್ಕೇನು ಕೊರತೆ ಎಂದು ಶರಣಬಸವ ನಗುತ್ತಿದ್ದ. ಧಾರವಾಡದ ಡಾಕ್ಟರು ಆಟಿಸಂ ಎಂದು ಹೇಳಿದ ದಿನ ಮಾತ್ರ ಅವನು ನಗಲಿಲ್ಲ. ಸುನಂದಾ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಬಂದವಳು ಮನೆಗೆ ಬಂದ ಮೇಲೂ ಹಾಗೆಯೇ ಗೋಡೆಗೆ ಆತುಕೊಂಡು ಕೂತಳು. ಗುರುಬಸವ್ವ ಒಬ್ಬಳೇ ಗಟ್ಟಿ. "ಮಾತು ಬರದಿದ್ರ ಏನಾತು? ನಾ ಅದೀನಲ್ಲ, ಅಕಿ ಬಾಯಿ" ಎಂದಳು.

ಅದು ಬರೀ ಬಾಯಿಮಾತಾಗಿರಲಿಲ್ಲ. ಈ ರಾಗದ ಅಳು ನೀರಿಗೆ, ಆ ರಾಗದ್ದು ಅಂಗಿಯ ಹೊಲಿಗೆ ಚುಚ್ಚುವುದಕ್ಕೆ, ಮುಷ್ಟಿ ಕಚ್ಚಿಕೊಂಡರೆ ಕುಕ್ಕರಿನ ಸೀಟಿಗೆ ಹೆದರಿದ್ದಕ್ಕೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಅಳು ಶುರುವಾಗುವ ಮುಂಚೆಯೇ ನೀರು ತುಟಿಗೆ ಬರುತ್ತಿತ್ತು, ತುತ್ತು ಬಾಯಿಗೆ ಬರುತ್ತಿತ್ತು. ಸುನಂದಾ ಕೈ ಚಾಚುವಷ್ಟರಲ್ಲಿ ಅತ್ತೆಯ ಕೈ ಮುಂದೆ ಇರುತ್ತಿತ್ತು. ಹೆತ್ತ ತಾಯಿ ಪಾತ್ರೆ ತೊಳೆಯುತ್ತ, ಬಟ್ಟೆ ಒಗೆಯುತ್ತ ಮಗಳನ್ನು ದೂರದಿಂದ ನೋಡುವಳು. ನನಗೆ ಅದು ಸರಿ ಕಾಣುತ್ತಿರಲಿಲ್ಲ, ಆದರೆ ಗುರುಬಸವ್ವನ ಮುಂದೆ ಹೇಳುವ ಎದೆಗಾರಿಕೆ ನನಗಂತೂ ಇರಲಿಲ್ಲ.

ಹೋದ ವರ್ಷ ಮಳೆ ನಿಂತ ಮೇಲೆ ಗುರುಬಸವ್ವನಿಗೆ ಜ್ವರ ಏರಿತು. ದವಾಖಾನೆಯಲ್ಲಿ ಮಲಗಿಸಿ ಸಲೈನ್ ಹಚ್ಚಬೇಕಾಯಿತು. ಆ ಎರಡು ದಿನ ಗೋಡೆಯಾಚೆ ದಾನು ಅತ್ತ ಅಳು ನನ್ನ ಕಿವಿಯಲ್ಲಿ ಇನ್ನೂ ಇದೆ. ಸುನಂದಾ ಹಾಲು ತಂದಳು, ಬಿಸ್ಕಿಟು ತಂದಳು, ಅನ್ನ ಕಲಸಿ ತಂದಳು, ಅಂಗಿ ಬದಲಿಸಿದಳು. ಯಾವುದೂ ಅಲ್ಲ. ಮಗುವಿಗೆ ಏನು ಬೇಕೆಂದು ಯಾರಿಗೂ ತಿಳಿಯಲಿಲ್ಲ, ಹೇಳಲು ಮಗುವಿಗೆ ಬರಲಿಲ್ಲ. ದವಾಖಾನೆಯಿಂದ ಗುರುಬಸವ್ವ ಬಂದವಳೇ ಮೊಮ್ಮಗಳ ತುಟಿ ಮುಟ್ಟಿ ನೋಡಿದಳು. ಒಣಗಿ ಸಿಪ್ಪೆ ಎದ್ದಿದ್ದವು, ಅತ್ತಾಗೆಲ್ಲ ಬೇಕಿದ್ದದ್ದು ನೀರು. ಅಂದು ಸಂಜೆ ನನ್ನ ಹಿತ್ತಿಲ ಕಟ್ಟೆಗೆ ಬಂದು ಕೂತಳು.

"ಶೈಲಾ, ಇದು ಎರಡು ದಿನದ ಮಾತು. ನಾ ಒಮ್ಮೆಲೆ ಹೋದ್ನಿ ಅಂದ್ರ? ಇಕಿಗೆ ನೀರಡಿಕಿ ಆಗೇತಿ ಅಂತ ಯಾರಿಗೆ ತಿಳೀತೈತಿ?"

ನಾನು ಎದ್ದು ಒಳಗಿನಿಂದ ಆಕೆಗೆ ಚಹಾ ತಂದುಕೊಟ್ಟೆ, ಅದೂ ಆಕೆ ಕೇಳುವ ಮೊದಲೇ.

ಮನೆಗೇ ಬಂದು ಇಂಥ ಮಕ್ಕಳಿಗೆ ಕಲಿಸುವವರು ಇದ್ದಾರೆಂದು ಶರಣಬಸವ ಆಮೇಲೆ ಹುಡುಕಿ ತೆಗೆದ. ಬರುವವರ ಹೆಸರು ಶರೀಫಾ. ಹಳಿಯಾಳ ತಾಲೂಕಿನ ಕಾಡಂಚಿನ ಊರಿನ ಸಿದ್ದಿ ಹೆಣ್ಣುಮಗಳು, ಧಾರವಾಡದಲ್ಲಿ ಓದಿ ಈ ಕೆಲಸ ಹಿಡಿದಿದ್ದರು. ಬರುವ ಮುಂಚೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಶರಣಬಸವ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಮನ್ಯಾಗ ಏನೂ ಬದಲು ಮಾಡಬ್ಯಾಡ್ರಿ. ಮಗು ದಿನಾ ಎಲ್ಲಿ ಕುಂದರ್ತಾಳೋ ಆ ಜಾಗಾ ಹಂಗ ಇರಲಿ, ಅಕಿಗೆ ಸೇರೋ ಸಾಮಾನು ಅಲ್ಲೇ ಇರಲಿ. ನನ್ನ ಫೋಟೋ ಕಳಸ್ತೀನಿ, ದಿನಾ ಒಂದೀಟ ತೋರಿಸಿ, ಇವರು ಆಟ ಆಡಾಕ ಬರ್ತಾರ ಅಂತ ಹೇಳ್ರಿ. ನಾ ಬಂದಾಗ ಮನ್ಯಾಗ ನೀವಷ್ಟ ಇರ್ರಿ. ಟಿ.ವಿ. ಬಂದ್ ಇರಲಿ."

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಗುರುಬಸವ್ವ ಪೂರ್ತಿ ಕೇಳಿಸಿಕೊಂಡಳು, ಹೂಂ ಹೂಂ ಎಂದಳು, ಫೋನ್ ಇಟ್ಟ ಮೇಲೆ ಸೊಸೆಯ ಕಡೆ ತಿರುಗಿ, "ಅವ್ರು ಹೇಳೂದು ಅವ್ರು ಹೇಳ್ತಾರ. ಮನಿಗೆ ಬರೋರು ಬರ್ತಾರಂದ್ರ ಮನಿ ಹೆಂಗಿರಬೇಕು ಅನ್ನೂದು ನನಗ ಗೊತ್ತಿಲ್ಲೇನ?" ಎಂದಳು.

ಕನ್ಯೆ ನೋಡಲು ಬೀಗರು ಬರುವ ಮನೆಯ ಹಾಗೆ ತಯಾರಿ ಶುರುವಾಯಿತು. ಪಡಸಾಲೆಗೆ ತಿಳಿ ಗುಲಾಬಿ ಬಣ್ಣ ಬಳಿಸಿದಳು. ಮಂಚವನ್ನು ಆಚೆ ಗೋಡೆಗೆ, ಕಪಾಟನ್ನು ಈಚೆ ಗೋಡೆಗೆ ಸರಿಸಿದಳು. ಮಂಚದ ಕೆಳಗೆ ದಾನು ಕೂಡಿಟ್ಟಿದ್ದ ಕಾಗದದ ಎಳೆಗಳ ರಾಶಿಯನ್ನೂ ಹಳೆಯ ಪೇಪರನ್ನೂ ರದ್ದಿಯವನಿಗೆ ಎತ್ತಿಕೊಟ್ಟಳು. ಶರೀಫಾ ಅವರ ಫೋಟೋವನ್ನು ದಾನು ಹರಿದುಬಿಡುತ್ತಾಳೆಂದು ಹೆದರಿ, ಚೌಕಟ್ಟು ಹಾಕಿಸಿ, ಎತ್ತರದಲ್ಲಿ ಶೇಖಪ್ಪನ ಹಾರ ಹಾಕಿದ ಫೋಟೋದ ಪಕ್ಕದಲ್ಲೇ ತೂಗುಹಾಕಿದಳು. ನನ್ನಿಂದ ದಾನುವಿಗೆ ಜರಿ ಅಂಚಿನ ಪರಕಾರ ಪೋಲಕ, ಅಂದರೆ ಲಂಗ ರವಿಕೆ, ಹೊಲಿಸಿದಳು. ಶೇಂಗಾ ಹೋಳಿಗೆ ಮಾಡಿದಳು. ಓಣಿಯ ಹೆಂಗಸರನ್ನೆಲ್ಲ ಕರೆದಳು. ಸುನಂದಾ ಒಮ್ಮೆ ಮೆಲ್ಲಗೆ, "ಅತ್ತೀ, ಅವ್ರು ಬ್ಯಾಡ ಅಂದಿದ್ರಲ್ರಿ" ಎಂದದ್ದು ಕೇಳಿಸಿತು. ಯಾರು ಕೇಳುತ್ತಾರೆ?

ಈ ಹುಚ್ಚು ಯಾಕೆಂದು ನಾನು ಅವಳನ್ನು ಬೈದು ಬರೆಯಬಹುದು. ಆದರೆ ಕಾರಣ ನನಗೆ ಗೊತ್ತಿತ್ತು. ದಾನು ಹುಟ್ಟಿದ ಮೇಲೆ ಆ ಮನೆಗೆ ಬಂದವರೆಲ್ಲ ಅಯ್ಯೋ ಪಾಪ ಎನ್ನುವ ಮುಖ ಹೊತ್ತುಕೊಂಡೇ ಬಂದರು. ಈ ಸಲ ಬರುವವರು ಒಂದು ಒಳ್ಳೆಯ ಮನೆಯನ್ನು ನೋಡಲಿ, ಹೂ ಮುಡಿದು ಕೂತ ಚೆಂದದ ಹುಡುಗಿಯನ್ನು ನೋಡಲಿ ಎಂಬ ಆಸೆ ಅವಳದು. ಆ ಆಸೆಯಲ್ಲಿ ತಪ್ಪೇನಿತ್ತು?

ದಿಕ್ಕು ತಪ್ಪಿದ್ದು ದಾನುವಿಗೆ. ಕಣ್ಣು ತೆರೆದು ನೋಡಿದರೆ ಮನೆಯೇ ತನ್ನದಲ್ಲ. ಮಂಚವಿಲ್ಲ, ಕಾಗದವಿಲ್ಲ, ಮೂಗಿಗೆ ಬಣ್ಣದ ವಾಸನೆ, ಕುತ್ತಿಗೆಗೆ ಚುಚ್ಚುವ ಜರಿ, ಬಿಗಿದು ಹೆಣೆದ ಜಡೆ, ಸುತ್ತಲೂ ಹೆಂಗಸರ ಸೀರೆಗಳು. ಅವಳು ಮಂಚವಿದ್ದ ಜಾಗಕ್ಕೆ ಹೋಗಿ ಬೋಳು ನೆಲವನ್ನು ಕೈಯಿಂದ ತಟ್ಟಿದಳು. ಆಮೇಲೆ ಚೀರಿದಳು. ಶರೀಫಾ ಬಾಗಿಲಿಗೆ ಬಂದಾಗ ಹುಡುಗಿ ಹೂವು ಕಿತ್ತೆಸೆದು, ಕೈ ಕಚ್ಚಿಕೊಂಡು, ಬಚ್ಚಲಮನೆಯ ಮೂಲೆ ಸೇರಿದ್ದಳು. ಹೋಳಿಗೆಯ ತಾಟು ಹಿಡಿದ ಗುರುಬಸವ್ವನ ಮುಖ ಬಿಳಿಚಿಕೊಂಡಿತ್ತು. ಕರೆಸಿಕೊಂಡ ಹೆಂಗಸರೆಲ್ಲ ಅದೇ ಅಯ್ಯೋ ಪಾಪ ಮುಖ ಮಾಡಿದರು. ನಾನೂ ಮಾಡಿದೆನೋ ಏನೋ, ಕನ್ನಡಿ ಇರಲಿಲ್ಲ.

ಶರೀಫಾ ಒಡನೆ ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, "ಮೊದಲ ಎಲ್ಲಾರನ್ನೂ ಮನಿಗೆ ಕಳಸ್ರಿ. ಅಂಗಿ ಬದಲಿಸ್ರಿ, ಹಳೇದು ಹಾಕ್ರಿ" ಎಂದರು. ಒಳಗೆ ಇಣುಕಿದವರ ಕಣ್ಣಿಗೆ ಗೋಡೆಯ ಮೇಲಿನ ತಮ್ಮ ಫೋಟೋ ಬಿತ್ತು. "ಆಯೀ, ನನಗೂ ಹಾರ ಹಾಕಿಬಿಡೂದಿತ್ತಲ್ಲ" ಎಂದು ನಕ್ಕರು. ಗುರುಬಸವ್ವನಿಗೆ ಆ ಹೊತ್ತಿನಲ್ಲೂ ನಗು ಬಂತು, ನಗುವಿನ ಹಿಂದೆಯೇ ಅಳು. "ತಪ್ಪಾತ್ರಿ ಅಕ್ಕೋರ" ಎಂದಳು. ಆಕೆ ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಗುವಿಗೆ ಏನು ಸೇರುತ್ತದೆ ಎಂದು ಶರೀಫಾ ಕೇಳಿದರು. ಕಾಗದ ಎಂದಳು ಸುನಂದಾ. ಆ ಮನೆಯಲ್ಲಿ ಅಂದು ಒಂದು ತುಂಡು ಕಾಗದವೂ ಉಳಿದಿರಲಿಲ್ಲ, ನಾನೇ ಓಡಿಹೋಗಿ ಅಂಗಿಯ ಅಳತೆಗೆ ಕತ್ತರಿಸುವ ಪೇಪರು ತಂದುಕೊಟ್ಟೆ. ಶರೀಫಾ ಬಚ್ಚಲ ಬಾಗಿಲಿನಿಂದ ಆಚೆ, ದೂರದಲ್ಲಿ, ಮಗುವಿನ ಕಡೆ ನೋಡದೆ ನೆಲದ ಮೇಲೆ ಕೂತು ಪೇಪರು ಹರಿಯತೊಡಗಿದರು. ಉದ್ದ ಎಳೆ, ಇನ್ನೊಂದು ಉದ್ದ ಎಳೆ. ಮಾತಿಲ್ಲ, ಬಾ ಎನ್ನುವುದಿಲ್ಲ. ಬಹಳ ಹೊತ್ತಿನ ಮೇಲೆ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ದಾನು ಮೂಲೆಯಿಂದ ತೆವಳಿ ಬಂದು, ಕೈ ಚಾಚಿ ಒಂದು ಎಳೆ ಎತ್ತಿಕೊಂಡು ಮತ್ತೆ ಮೂಲೆಗೆ ಹೋದಳು. ಅಂದಿನ ಪಾಠ ಅಷ್ಟೇ. ಶರೀಫಾ ಎದ್ದು ಹೋಳಿಗೆ ತಿಂದು, ಚೆನ್ನಾಗಿದೆ ಎಂದು ಇನ್ನೊಂದನ್ನು ಕೇಳಿ ಹಾಕಿಸಿಕೊಂಡು ಹೋದರು. ಗುರುಬಸವ್ವನ ಮನೆಯಲ್ಲಿ ಬಾಯಿ ಬಿಟ್ಟು ಕೇಳಿದ ಮೊದಲ ಮನುಷ್ಯರು ಅವರೇ ಇರಬೇಕು.

ಆಮೇಲೆ ನಡೆದದ್ದು ನಿಜವಾದ ತಯಾರಿ. ಮಂಚ ಹಳೆಯ ಜಾಗಕ್ಕೆ ಬಂತು. ಅದರ ಪಕ್ಕದ ಮೂಲೆಯಲ್ಲಿ ಒಂದು ಜಮಖಾನೆ, ಒಂದು ಗಿಡ್ಡ ಮೇಜು. ಕಿಟಕಿಗೆ ನಾನೇ ಪರದೆ ಹೊಲಿದುಕೊಟ್ಟೆ, ಹೂವಿಲ್ಲದ್ದು, ಗೆರೆಯಿಲ್ಲದ್ದು, ಕಣ್ಣು ಚದುರದಿರಲೆಂದು. ಟಿ.ವಿ. ಒಳಕೋಣೆಗೆ ಹೋಯಿತು. ದಾನುವಿಗೆ ಇಷ್ಟದ ಸಾಮಾನುಗಳಲ್ಲಿ ಕೆಲವನ್ನು ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿ, ಅವಳಿಗೆ ಕಾಣುವಷ್ಟು, ಆದರೆ ಕೇಳದೆ ಕೈಗೆ ಸಿಗದಷ್ಟು ಎತ್ತರದಲ್ಲಿಟ್ಟರು. ಶರೀಫಾ ಬರುವ ದಿನ ಅಡುಗೆ ಮೊದಲೇ ಮುಗಿಯುತ್ತಿತ್ತು, ಬೇಳೆ ಕುಕ್ಕರಿನಲ್ಲಲ್ಲ, ಪಾತ್ರೆಯಲ್ಲೇ ಬೇಯುತ್ತಿತ್ತು. ಫೋಟೋ ಗೋಡೆಯಿಂದ ಇಳಿದು ದಾನುವಿನ ಕೈಗೆ ಬಂತು. ಅವಳು ಹರಿದಳು. ಇನ್ನೊಂದು ತೆಗೆಸಿದರು, ಅದನ್ನೂ ಹರಿದಳು. ಮುಂದಿನದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಇದರಲ್ಲಿ ಓಣಿಗೆ ಬಹಳ ನೋವು ಕೊಟ್ಟದ್ದು ಬಾಗಿಲು. ನಮ್ಮಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ್ದರೆ ಆ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಯಾರೋ ತೀರಿಹೋಗಿರಬೇಕು. ಶರೀಫಾ ಇರುವಷ್ಟು ಹೊತ್ತು ಗುರುಬಸವ್ವ ಬಾಗಿಲು ಹಾಕಿ, ಹೊರಗಿನ ಚಿಲಕಕ್ಕೆ ಒಂದು ಹಳದಿ ಟವೆಲು ಕಟ್ಟತೊಡಗಿದಳು. ಟವೆಲು ಇದ್ದರೆ ಯಾರೂ ಬರಕೂಡದು. ಎದುರು ಮನೆಯವರು ಮೂಗು ಮುರಿದರು. ನಾನಂತೂ ಮೂರು ದಿನ ಮಾತು ಬಿಟ್ಟೆ. ಮೊಸರಿಗೆ ಹೆಪ್ಪು ಬೇಕಾಗಿ ಹೋದವಳು ಟವೆಲು ನೋಡಿ ತಿರುಗಿ ಬಂದರೆ ಸಿಟ್ಟು ಬಾರದೆ ಇರುತ್ತದೆಯೇ? ಆಮೇಲೆ ಆಕೆಯೇ ಹೆಪ್ಪು ತಂದು ನನ್ನ ಮಷಿನಿನ ಪಕ್ಕದಲ್ಲಿಟ್ಟು ಹೋದಳು. ನನಗೆ ಹೆಪ್ಪು ಬೇಕಿತ್ತೆಂದು ಅವಳಿಗೆ ಹೇಗೆ ಗೊತ್ತಾಯಿತೋ!

ಮನೆ ತಯಾರಾಯಿತು, ಮಗುವೂ ಮೆಲ್ಲಗೆ ತಯಾರಾಯಿತು. ತಯಾರಾಗದೆ ಉಳಿದವಳು ಗುರುಬಸವ್ವ.

ಶರೀಫಾ ಚಿತ್ರದ ಕಾರ್ಡುಗಳನ್ನು ತಂದಿದ್ದರು. ಆ ಮನೆಯದೇ ಹಿತ್ತಾಳೆ ತಂಬಿಗೆಯ ಫೋಟೋ ನೀರಿಗೆ, ಶೇಂಗಾ ಡಬ್ಬಿಯ ಫೋಟೋ ಶೇಂಗಾಕ್ಕೆ. ದಾನು ಕಾರ್ಡು ಎತ್ತಿ ಎದುರಿನವರ ಕೈಯಲ್ಲಿಟ್ಟರೆ ಆ ವಸ್ತು ತಟ್ಟನೆ ಅವಳಿಗೆ ಸಿಗಬೇಕು. "ಇಷ್ಟ ನೋಡ್ರಿ ಆಯೀ. ಕೇಳಿದ್ರ ಸಿಗ್ತೈತಿ ಅನ್ನೂದು ಅಕಿ ತಲ್ಯಾಗ ಕೂಡಬೇಕು. ಮಾತು ಆಮೇಲೆ ಬರಲಿ, ಬರದ ಇರಲಿ, ಕೇಳೂದು ಬರಬೇಕು. ನೀವು ಮಾಡೂದು ಒಂದ. ಅಕಿ ಕೇಳೂತನಕ ಸುಮ್ಮ ಕುಂದರ್ರಿ."

ಸುಮ್ಮನೆ ಕೂರುವುದು! ಜೀವಮಾನವೆಲ್ಲ ಮುಖ ನೋಡಿ ಬಡಿಸಿದವಳಿಗೆ! ಶರೀಫಾ ಇರುವಾಗ ಗುರುಬಸವ್ವ ತನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳಂತೆ. ಕೈ ತಾನಾಗಿಯೇ ತಂಬಿಗೆಯ ಕಡೆ ಹೋಗುತ್ತದೆ ಎಂದು ಹೇಳಿಕೊಂಡು ಅವಳೇ ನಗುತ್ತಿದ್ದಳು. ಆದರೆ ಶರೀಫಾ ಅವರ ಗಾಡಿ ಓಣಿ ದಾಟಿತೋ ಇಲ್ಲವೋ, ಇವಳ ಕೈಗಳಿಗೆ ಬಿಡುಗಡೆ. ಪಾಪ, ಎಷ್ಟು ಹೊತ್ತು ಬಾಯಾರಿ ಕೂತಿತ್ತು ಕೂಸು ಎಂದು ನೀರು, ಶೇಂಗಾ, ತುತ್ತಿನ ಮೇಲೆ ತುತ್ತು. ಸುನಂದಾ ಕಾರ್ಡು ಹಿಡಿದು ನಿಂತೇ ಇರುತ್ತಿದ್ದಳು. ದಾನುವಿಗೇನು, ಹೊಟ್ಟೆ ತುಂಬಿದ ಮೇಲೆ ಕಾರ್ಡು ಯಾಕೆ ಬೇಕು? ಅದನ್ನೂ ಹರಿಯಲು ನೋಡುವಳು.

ವಾರಗಳು ಕಳೆದರೂ ಪಾಠ ಮುಂದಕ್ಕೆ ಹೋಗದಿದ್ದಾಗ ಕಾರಣ ಶರೀಫಾ ಅವರಿಗೆ ತಿಳಿಯಿತು. ಅಂದು ಅವರು ಗದರಿಸಲಿಲ್ಲ, ಆದರೆ ನಗಲೂ ಇಲ್ಲ. ಗೋಡೆಯ ಈಚೆ ನಾನು ಮಷಿನ್ ನಿಲ್ಲಿಸಿದೆ.

"ಆಯೀ, ಅಣಶಿ ಕಡೆ ಒಂದು ಕೂಸು ಐತಿ. ಅವ್ರು ನನ್ನ ದಾರಿ ಕಾಯಾಕತ್ತಾರ. ಇಲ್ಲಿ ನಾ ಬಂದು ಹೋಗೂದರಿಂದ ಉಪಯೋಗ ಆಗ್ತಿದ್ರ ಬರ್ತೇನಿ. ಇಲ್ಲಂದ್ರ ಮುಂದಿನ ತಿಂಗಳಿಂದ ಅಲ್ಲಿಗೆ ಹೋಗ್ತೇನಿ."

"ಅಕಿ ಮಾರಿ ಸಣ್ಣದಾದ್ರ ನನಗ ತಡಿಯಾಕ ಆಗೂದಿಲ್ರಿ ಅಕ್ಕೋರ."

"ನಿಮಗ ತಿಳೀತೈತಿ, ಒಪ್ಪಿದೆ. ಅಕಿ ಅವ್ವಗ ತಿಳೀತೈತೇನ್ರಿ? ಅಪ್ಪಗ? ನಾಳೆ ಸಾಲಿಗೆ ಹೋದ್ರ ಅಲ್ಲಿಯವರಿಗೆ? ನಿಮ್ಮೊಬ್ಬರ ಮ್ಯಾಲೆ ಅಕಿ ಜೀವ ನಿಲ್ಲಬಾರದ್ರಿ."

ಆ ಮನೆಯಲ್ಲಿ ಜ್ವರದ ಆ ಎರಡು ದಿನವನ್ನು ಯಾರೂ ಮರೆತಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಗುರುಬಸವ್ವ ನನ್ನ ಮನೆಗೆ ಬಂದಳು. ಬಂದವಳು ಬಾಗಿಲು ಮುಚ್ಚಿ, ಅಗಳಿ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. "ಸುನಂದಾಗ ಹೇಳಿ ಬಂದೇನಿ. ಇನ್ನ ಮ್ಯಾಲೆ ಉಣ್ಣೂ ಹೊತ್ತಿಗೆ ನಾ ಇಲ್ಲೇ ಇರಾಕಿ. ಎದ್ದು ಹೋಗಾಕ ನೋಡಿದ್ರ ನನ್ನ ಸೆರಗು ಹಿಡಿದು ಜಗ್ಗು."

ಗೋಡೆಯಾಚೆ ದಾನು ಅಳತೊಡಗಿದಳು. ಗುರುಬಸವ್ವ ಕಣ್ಣು ಮುಚ್ಚಿದಳು. "ಶೇಂಗಾ ಅಲ್ಲ, ನೀರು. ನೀರಿನ ಅಳು ಅದು" ಎಂದಳು. ಅಳು ಜೋರಾಯಿತು. ಆಕೆ ಎದ್ದಳು, ನಾನು ಸೆರಗು ಹಿಡಿದೆ, ಕೂತಳು. ಮತ್ತೆ ಎದ್ದಳು. "ಬಿಡು ಶೈಲಾ, ಒಂದ ಗುಟುಕು ಕುಡಿಸಿ ಬರ್ತೇನಿ" ಎಂದಳು. ಬಿಡಲಿಲ್ಲ. ನಾನೂ ಅಳುತ್ತಿದ್ದೆ, ಯಾಕೆ ಸುಳ್ಳು ಹೇಳಲಿ. ಆಚೆ ಸುನಂದಾಳ ದನಿ ಕೇಳುತ್ತಿತ್ತು, ಮೆಲ್ಲಗೆ, ಅವಸರವಿಲ್ಲದೆ. "ಇದು, ದಾನು. ಇದನ್ನ ಕೊಡು ಅವ್ವಗ. ಕೊಡು." ಆ ಸೊಸೆಗೆ ಇಷ್ಟು ದನಿ ಇದೆಯೆಂದು ಮದುವೆಯಾಗಿ ಬಂದಾಗಿನಿಂದ ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಅಳು ನಿಂತಿತು. ನೀರು ಗಟಗಟ ಇಳಿಯುವ ಸಪ್ಪಳ ಗೋಡೆ ದಾಟಿ ಬರುವುದಿಲ್ಲ, ಆದರೆ ಗುರುಬಸವ್ವ, "ಕುಡದ್ಲು" ಎಂದು ಉಸಿರು ಬಿಟ್ಟಳು. ಕೈ ಹಿಡಿದು ಕೊಡಿಸಿದ ಕಾರ್ಡು ಅದು ಎಂದು ಆಮೇಲೆ ಸುನಂದಾ ಹೇಳಿದಳು. ಇರಲಿ.

ಹೀಗೆ ದಿನಾ ನಡೆಯಿತು. ಊಟದ ಹೊತ್ತಿಗೆ ನನ್ನ ಮನೆಯಲ್ಲಿ ಈಕೆಯ ಸೆರೆವಾಸ. ಸುಮ್ಮನೆ ಕೂರಲಾಗದೆ ನನ್ನ ಅಂಗಿಗಳಿಗೆ ಗುಂಡಿ ಹಚ್ಚಿದಳು, ಕಾಜ ಮಾಡಿದಳು, ಅಂಚು ಮಡಚಿದಳು. ಗಿರಾಕಿಗಳಿಗೆ ಕೆಲಸ ಹೇಳಿದ ದಿನಕ್ಕೇ ಸಿಗತೊಡಗಿ ಅವರೆಲ್ಲ ನನ್ನನ್ನು ಅನುಮಾನದಿಂದ ನೋಡುವ ಹಾಗಾಯಿತು. ಆಚೆಯ ಅಳು ದಿನದಿನಕ್ಕೆ ಗಿಡ್ಡವಾಯಿತು. ಶರೀಫಾ ಅಣಶಿಯ ಮಾತು ಎತ್ತಲಿಲ್ಲ, ಎರಡೂ ಕಡೆ ಹೊಂದಿಸಿಕೊಂಡು ಬರತೊಡಗಿದರು. ದಾನು ಪಾಠದ ಹೊತ್ತಿನಲ್ಲಿ ಅವರಿಗೆ ಕಾರ್ಡು ಕೊಡುತ್ತಿದ್ದಳು. ಆದರೆ ಬೇರೆ ಹೊತ್ತಿನಲ್ಲಿ, ತಾನಾಗಿಯೇ, ಮನೆಯವರಿಗೆ? ಕಾರ್ಡುಗಳು ಕಪಾಟಿನ ಬಾಗಿಲಿಗೆ ಅಂಟಿಕೊಂಡೇ ಇದ್ದವು. ಗುರುಬಸವ್ವ ಎದುರಿಗಿದ್ದರೆ ಸಾಕು, ಹುಡುಗಿ ಹಳೆಯ ಹಾಗೆ ಆಕೆಯ ಮುಖ ನೋಡಿ ನಿಂತುಬಿಡುವಳು. ಆಕೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬೇರೆಲ್ಲೋ ನೋಡುವಳು.

ಮೊನ್ನೆ ಯುಗಾದಿ ಮುಗಿದ ಮೇಲಿನ ಒಂದು ಬೆಳಿಗ್ಗೆ. ಟವೆಲು ಇರಲಿಲ್ಲ, ಬಾಗಿಲು ತೆರೆದಿತ್ತು, ನಾನು ಚಹಾಕ್ಕೆ ಹೋಗಿದ್ದೆ. ಶರಣಬಸವ ಮಿಲ್ಲಿನಲ್ಲಿದ್ದ. ಸುನಂದಾ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗುರುಬಸವ್ವ ಪಡಸಾಲೆಯಲ್ಲಿ, ನನ್ನೆದುರಿಗೆ, ಸೊಪ್ಪು ಸೋಸುತ್ತ ಕೂತಿದ್ದಳು. ನೀರು ತುಂಬಿದ ತಂಬಿಗೆ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ದಾನು ಮಂಚದ ಕೆಳಗಿನಿಂದ ಹೊರಬಂದಳು. ತುಟಿ ನೆಕ್ಕಿಕೊಂಡಳು. ಗುರುಬಸವ್ವ ಅದನ್ನು ನೋಡಿದಳು, ನಾನು ಆಕೆಯನ್ನು ನೋಡಿದೆ. ಸೊಪ್ಪಿನ ಕೈ ತಂಬಿಗೆಯ ಕಡೆ ಹೊರಳಿತು, ಮತ್ತೆ ಸೊಪ್ಪಿಗೇ ಬಂತು.

ಹುಡುಗಿ ಕಪಾಟಿನ ಹತ್ತಿರ ಹೋಗಿ ಒಂದು ಕಾರ್ಡು ಕಿತ್ತಳು. ಅಜ್ಜಿಯ ಕಡೆ ಬಂದಳು. ಗುರುಬಸವ್ವ ಸೊಪ್ಪು ಬಿಟ್ಟು ಎರಡೂ ಕೈಗಳನ್ನು ಚಾಚಿದಳು, ಪ್ರಸಾದಕ್ಕೆ ಕೈ ಒಡ್ಡುವವಳ ಹಾಗೆ. ದಾನು ಆ ಕೈಗಳನ್ನು ಬಳಸಿಕೊಂಡು ಮುಂದೆ ಹೋದಳು. ಅಡುಗೆಮನೆ ದಾಟಿ, ಹಿತ್ತಿಲಿಗೆ ಇಳಿದು, ಬಟ್ಟೆಯ ಕಲ್ಲಿನ ಹತ್ತಿರ ನಿಂತು, ಸೋಪಿನ ನೊರೆ ಮೆತ್ತಿದ ಸುನಂದಾಳ ಕೈಯಲ್ಲಿ ಆ ಕಾರ್ಡು ಇಟ್ಟು, ತಲೆ ಎತ್ತಿ ಅವಳ ಮುಖ ನೋಡಿದಳು.

ಸುನಂದಾ ಕಲ್ಲಾಗಿ ನಿಂತುಬಿಟ್ಟಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಅಲ್ಲಾಡುತ್ತಿರಲಿಲ್ಲ. ಗುರುಬಸವ್ವ ಬಾಗಿಲ ಚೌಕಟ್ಟು ಹಿಡಿದು ಕೂಗಿದಳು. "ಲೇ, ಏನ ನೋಡ್ಕೋತ ನಿಂತಿ? ಕೇಳಾಕತ್ತಾಳಲ್ಲ! ಕೊಡ ಅಕಿಗೆ!"

ಸುನಂದಾ ಒದ್ದೆ ಕೈಯಲ್ಲೇ ಓಡಿಬಂದು ನೀರು ಕೊಟ್ಟಳು. ದಾನು ಕುಡಿದು, ಬಾಯಿ ಒರೆಸಿಕೊಳ್ಳದೆ, ತನ್ನ ಪಾಡಿಗೆ ಮಂಚದ ಕೆಳಗೆ ಹೋದಳು. ಸುನಂದಾ ಅವಳ ಹಿಂದೆಯೇ ಹೋಗಿ ಮಂಚದ ಬದಿಯ ನೆಲದ ಮೇಲೆ ಕೂತಳು.

ಗುರುಬಸವ್ವ ನನ್ನ ಹತ್ತಿರ ಬಂದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. "ನನ್ನ ಬಿಟ್ಟು ಹೋದ್ಲಲ್ಲ ಶೈಲಾ. ಕೈ ಚಾಚೀನಿ, ಬಿಟ್ಟು ಅವ್ವನ ಕಡೆ ಹೋದ್ಲು" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಎಷ್ಟ ಸಂತೋಷ ಆಗೇತಿ ಅಂದ್ರ, ಎದಿ ಹಗುರಾಗಿಬಿಟ್ಟೈತಿ. ಇನ್ನ ನಾ ಯಾವಾಗ ಹೋದ್ರೂ ಇಕಿ ನೀರಡಿಸಿ ಕುಂದರೂದಿಲ್ಲ. ಸುಳ್ಳ ಯಾಕ ಹೇಳ್ಲಿ, ಹೊಟ್ಟಿಕಿಚ್ಚೂ ಅಷ್ಟ ಆಗೇತಿ."